ಹಿಟ್ಟು ಬಡಿಯುವ ಸದ್ದು

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಮೀಸೆ ಇತ್ತು ಅನ್ನಿಸುತ್ತದೆ. ಮರುಗಳಿಗೆಯಲ್ಲೇ ಅದು ಬೇಕರಿ ಮಾಲೀಕರ ಮೀಸೆ ಇರಬಹುದು ಎಂಬ ಅನುಮಾನ ಬರುತ್ತದೆ. ಖಚಿತವಾಗಿ ಕಣ್ಣ ಮುಂದಿರುವುದು ಬಲಗೈ ಒಂದೇ. ಮೊಣಕೈಯಿಂದ ಕೆಳಕ್ಕೆ ಅದರಲ್ಲಿ ಒಂದು ರೋಮವೂ ಇರಲಿಲ್ಲ. ಇಪ್ಪತ್ತು ವರ್ಷ ದಿನವೂ ಭಟ್ಟಿಯ ಬಾಯೊಳಗೆ ಹೋಗಿ ಬಂದು ಎಲ್ಲ ಸುಟ್ಟುಹೋಗಿದ್ದವು. ಜಾಲಿ ಸೌದೆಯ ಕೆಂಡವನ್ನು ಹೊರಗೆಳೆದು, ಒದ್ದೆ ಗೋಣಿಯಿಂದ ಒಳಗಿನ ಹಾಸನ್ನು ಒರೆಸಿದ ಮೇಲೆ ಅವರು ಆ ಬರಿಗೈಯನ್ನು ಭಟ್ಟಿಯೊಳಗೆ ಚಾಚಿ ನಿಲ್ಲುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲಿ ಎಣಿಕೆ. ಏಳಕ್ಕೆ ಕೈ ಹಿಂದೆ ಬಂದರೆ ಕಾವು ಬ್ರೆಡ್ಡಿಗೆ ಸರಿಯಾಗಿದೆ ಎಂದರ್ಥ. ಹನ್ನೆರಡರವರೆಗೆ ತಡೆದುಕೊಂಡರೆ ಬಿಸ್ಕತ್ತಿಗೆ.

ಕನ್ನಡದಲ್ಲಿ ಯಾಕೆ ಎಣಿಸುವುದಿಲ್ಲ ಎಂದು ಒಂದು ಮಧ್ಯಾಹ್ನ ಕೇಳಿದ್ದೆ. "ಕನ್ನಡದ ಅಂಕಿ ಉದ್ದ ಸಾರ್, ಏಳು ಬರೋ ಹೊತ್ತಿಗೆ ಕೈ ಸುಟ್ಟೋಗಿರ್ತದೆ" ಎಂದರು. ಮನೆಗೆ ಹೋಗಿ ಗಡಿಯಾರ ಇಟ್ಟುಕೊಂಡು ಎರಡೂ ಭಾಷೆಯಲ್ಲಿ ಎಣಿಸಿ ನೋಡಿದೆ. ವ್ಯತ್ಯಾಸ ಇರಲಿಲ್ಲ. ಮರುದಿನ ಹೇಳಿದಾಗ ಅವರು ನಕ್ಕರು. ನಾನು ಅಂಥವನು. ತಮಾಷೆಯನ್ನೂ ಪರೀಕ್ಷೆ ಮಾಡಿ ನೋಡುವವನು. ಕೇಳಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ಪರೀಕ್ಷೆ ಮಾಡದೆ ಬಿಟ್ಟೆ.

ತೊಂಬತ್ತರ ದಶಕದ ನಡುವಿನ ಸಂಗತಿ ಇದು. ಎಂ.ಎ. ಮುಗಿಸಿ ಚಳ್ಳಕೆರೆಗೆ ವಾಪಸು ಬಂದು ಕೆಲಸವಿಲ್ಲದೆ ಕೂತಿದ್ದೆ. ಸಣ್ಣ ಉದ್ದಿಮೆಗಳ ಕೆಲಸಗಾರರ ಸ್ಥಿತಿಗತಿ ಮತ್ತು ಮುಂದಿನ ಅವಕಾಶಗಳ ಸಮೀಕ್ಷೆಗೆಂದು ಒಂದು ಕಚೇರಿಯವರು ಕೆಲವು ತಿಂಗಳ ಮಟ್ಟಿಗೆ ಜನರನ್ನು ತೆಗೆದುಕೊಂಡರು. ಎಣ್ಣೆ ಮಿಲ್ಲುಗಳು ಪ್ರಭಾವ ಇದ್ದವರ ಪಾಲಾದವು. ನನಗೆ ಉಳಿದದ್ದು ಚಳ್ಳಕೆರೆ, ಮೊಳಕಾಲ್ಮುರು ಎರಡು ತಾಲ್ಲೂಕಿನ ಬೇಕರಿಗಳು. ಮೊಳಕಾಲ್ಮುರಿನಲ್ಲಿ ಆಗ ಭಟ್ಟಿ ಇದ್ದದ್ದು ಒಂದೋ ಎರಡೋ ಕಡೆ. ಹಾಗಾಗಿ ಹೆಚ್ಚಿನ ದಿನ ಚಳ್ಳಕೆರೆಯಲ್ಲೇ ಕಳೆಯಿತು, ಅದರಲ್ಲೂ ಆಸ್ಪತ್ರೆ ರಸ್ತೆಯ ಆ ಒಂದು ಬೇಕರಿಯಲ್ಲಿ. ಅಲ್ಲಿ ಮಾಲೀಕರು ಚಹಾ ಕೊಡುತ್ತಿದ್ದರು, ಕೂರಲು ಸ್ಟೂಲು ಹಾಕುತ್ತಿದ್ದರು. ಬೇರೆ ಕಡೆ ನನ್ನನ್ನು ಟ್ಯಾಕ್ಸ್ ಇಲಾಖೆಯವನೆಂದು ತಿಳಿದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು.

ಆ ಬಲಗೈಯವರು ಅಲ್ಲಿನ ಬ್ರೆಡ್ ಮೇಸ್ತ್ರಿ. ಹೆಸರು ನನಗೆ ಗೊತ್ತಿಲ್ಲವೆಂದಲ್ಲ, ಫಾರಂನಲ್ಲಿ ಬರೆದುಕೊಂಡಿದ್ದೇನೆ. ಊರಲ್ಲಿ ಯಾರೂ ಆ ಹೆಸರಿಂದ ಕರೆಯುತ್ತಿರಲಿಲ್ಲ. ಇಲ್ಲೂ ಅದು ಬೇಡ.

ಈಗ ಇದನ್ನು ಬರೆಯಲು ಕಾರಣ ಅವರ ಮಗಳು. ಹೋದ ಚುನಾವಣೆಯ ತರಬೇತಿಗೆ ಎರಡೂ ತಾಲ್ಲೂಕಿನ ಶಿಕ್ಷಕರನ್ನು ಚಳ್ಳಕೆರೆಗೆ ಕರೆಸಿದ್ದರು. ಕಾಲೇಜಿನ ಅಧ್ಯಾಪಕನಾದ್ದರಿಂದ ನನಗೂ ಹಾಜರಾತಿ ಕಡ್ಡಾಯ. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬ ಮೇಡಂ, "ನೀವು ಬೇಕರಿಗೆ ಬರ್ತಿದ್ದ ಬರಿಯೋ ಸಾರ್ ಅಲ್ವಾ" ಎಂದರು. ಗುರುತು ಸಿಗಲಿಲ್ಲ. ಬ್ರೆಡ್ ಮೇಸ್ತ್ರಿ ಮಗಳು ಎಂದರು. ಅಪ್ಪ ಶಿವರಾತ್ರಿ ಹಿಂದೆ ಮುಂದೆ ತೀರಿಕೊಂಡರು ಎಂದು ತಟ್ಟೆ ಹಿಡಿದುಕೊಂಡೇ ಹೇಳಿದರು. ಆಮೇಲೆ ಇನ್ನೊಂದು ಮಾತು: "ಅಪ್ಪ ಯಾವಾಗ್ಲೂ ಅನ್ನೋರು, ನನ್ನ ಮಾತು ಒಬ್ರು ಸಾರ್ ಕಾಗದದಾಗೆ ಬರ್ಕೊಂಡಾರೆ, ಗೌರ್ಮೆಂಟ್ ತಾವ ಐತೆ ಅಂತ. ಆ ಕಾಗದ ನಿಮ್ಮ ತಾವ ಐತಾ ಸಾರ್? ಒಂದ್ಸಲ ನೋಡ್ಬೇಕಿತ್ತು."

ಹುಡುಕುತ್ತೇನೆ ಎಂದೆ. ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದು ಅಷ್ಟು ವರ್ಷ ನಂಬಿಕೊಂಡಿದ್ದೆ.

ಮೇಸ್ತ್ರಿಯ ಊರು ಮೊಳಕಾಲ್ಮುರು. ಅಪ್ಪ, ಅಣ್ಣ ಎಲ್ಲ ರೇಷ್ಮೆ ಸೀರೆ ನೇಯುವವರು. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ದುಡಿಯುವುದು ತಮಗೆ ಆಗಲಿಲ್ಲ, ಹದಿನೆಂಟಕ್ಕೇ ಬಸ್ಸು ಹತ್ತಿ ಬಂದುಬಿಟ್ಟೆ ಎನ್ನುತ್ತಿದ್ದರು. ಮೊದಲು ಬಳ್ಳಾರಿಯ ಬೇಕರಿಯೊಂದರಲ್ಲಿ ಬ್ರೆಡ್ ಅಚ್ಚು ತೊಳೆಯುವ ಕೆಲಸ, ಆಮೇಲೆ ಇಲ್ಲಿ. ಹೆಂಡತಿ ಮಾತ್ರ ಊರಲ್ಲೇ ಇವರ ಅಣ್ಣನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಂಡಿದ್ದರು. ಮಗಳು ಚಳ್ಳಕೆರೆಯಲ್ಲಿ ಶಿಕ್ಷಕರ ತರಬೇತಿಯ ಟಿಸಿಎಚ್ ಓದಲು ಅಪ್ಪನ ಜೊತೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಆಗ ಮೊದಲ ವರ್ಷ. ಅದು ಮುಗಿಯುವವರೆಗೆ ಭಟ್ಟಿ ಬಿಡುವಂತಿಲ್ಲ ಎಂಬುದೊಂದೇ ಅವರ ಲೆಕ್ಕ. ಬೇರೆ ಯಾವ ಮಾತು ಆಡಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ಈ ಉದ್ಯೋಗದಲ್ಲಿ ಮುಂದಿನ ಅವಕಾಶಗಳೇನು. ನಾನು ಅದನ್ನು ಗಂಭೀರವಾಗಿ ಓದಿದೆ. ಅವರು ನಿಂತಿದ್ದ ಜಾಗ ನೋಡಿಕೊಂಡರು. ಎರಡು ಮಾರು ಉದ್ದದ ಸಂದಿ ಅದು. "ಮುಂದೆ ಭಟ್ಟಿ ಬಾಯಿ ಐತೆ ಸಾರ್, ಹಿಂದೆ ಗೋಡೆ. ಎರಡ್ರಾಗೆ ಯಾವ್ದು ಬೇಕೋ ಬರ್ಕಳ್ಳಿ." ರಜೆಯ ಬಗ್ಗೆ ಕೇಳಿದೆ. ವರ್ಷಕ್ಕೆ ಎರಡು ಸಲ, ರಂಜಾನಿಗೆ ಮತ್ತು ಯುಗಾದಿಗೆ, ಭಟ್ಟಿ ಆರುತ್ತಿತ್ತು. ಹುಷಾರಿಲ್ಲದಾಗ ಏನು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. "ಭಟ್ಟಿ ಆರಿದ್ರೆ ಕಾಯಾಕೆ ಎರಡು ದಿನ ಬೇಕು. ಮನುಷ್ಯ ಆರಿದ್ರೆ ಸಂಜೀಗೇ ಇನ್ನೊಬ್ಬ ಬರ್ತಾನೆ." ಇದನ್ನು ಅವರು ನಗುತ್ತಲೇ ಹೇಳಿದ್ದು. ಪಕ್ಕದಲ್ಲಿ ಬಿಸ್ಕತ್ತು ಕೊಯ್ಯುತ್ತಿದ್ದವನೂ ನಕ್ಕ. ನಾನು ಮಾತ್ರ ಬರೆದುಕೊಂಡೆ.

ಹೊಸ ಕೆಲಸ ಹುಡುಕಿಕೊಳ್ಳಲು ದಾರಿಯೂ ಇರಲಿಲ್ಲ. ಪೇಟೆಯಲ್ಲಿ ಹಾಸನದ ಕಡೆಯವರು ಹೊಸದಾಗಿ ಬೇಕರಿ ತೆರೆದಿದ್ದರು. ಅಲ್ಲಿ ಒಳಗೆ ಹೊರಗೆ ಎಲ್ಲ ಅವರ ಅಣ್ಣತಮ್ಮಂದಿರೇ. ಬೆಳಗಿನ ಹೊತ್ತು ದಾವಣಗೆರೆಯಿಂದ ವ್ಯಾನಿನಲ್ಲಿ ಪ್ಯಾಕೆಟ್ ಬ್ರೆಡ್ ಬಂದಿಳಿಯುತ್ತಿತ್ತು. ಮಾಲೀಕರು ಆ ವ್ಯಾನನ್ನು ನೋಡುತ್ತಾ ಚಹಾ ಕುಡಿಯುತ್ತಿದ್ದ ರೀತಿ ನೆನಪಿದೆ. ಮನೆಯಲ್ಲಿ ಉರ್ದು ಆಡುವ, ಹಳೇ ಕಾಲದ, ಮೆದು ಮಾತಿನ ಮನುಷ್ಯ. ಯಾರನ್ನೂ ಗದರಿದ್ದು ನಾನು ಕೇಳಿಲ್ಲ. ವ್ಯಾನು ಮುಂದೆ ಹೋದ ಮೇಲೆ ಒಳಗೆ ತಿರುಗಿ, "ಮೇಸ್ತ್ರಿ, ಇವತ್ತು ಮೆತ್ತಗೆ ಬರ್ಲಪ್ಪಾ" ಎನ್ನುತ್ತಿದ್ದರು. ಅಷ್ಟೇ.

ಬ್ರೆಡ್ಡು ನಿಜಕ್ಕೂ ಮೆತ್ತಗಿರುತ್ತಿತ್ತು. ನಮ್ಮ ಕಡೆ ಆಗ ಬ್ರೆಡ್ಡನ್ನು ಆಸೆಪಟ್ಟು ತಿನ್ನುವವರು ಕಡಿಮೆ. ಅದು ಕಾಯಿಲೆಯವರ ಊಟ. ಯಾರಾದರೂ ಕೈಚೀಲದಲ್ಲಿ ಬ್ರೆಡ್ಡು ಹಿಡಿದು ಹೋಗುತ್ತಿದ್ದರೆ ಎದುರಾದವರು ಮೊದಲು ಕೇಳುತ್ತಿದ್ದ ಮಾತು, ಮನೆಯಲ್ಲಿ ಯಾರಿಗೆ ಜ್ವರ ಎಂದು. ಆಸ್ಪತ್ರೆಗೆ ಹಳ್ಳಿಗಳಿಂದ ಬಂದವರು ಹಾಲಿನ ಜೊತೆ ಅದ್ದಿ ತಿನ್ನಿಸಲು ಈ ಬೇಕರಿಗೇ ಬರುತ್ತಿದ್ದರು. ಇಲ್ಲಿನ ಬ್ರೆಡ್ಡು ಹಾಲಿಗೆ ಹಾಕಿದೊಡನೆ ಕರಗುತ್ತದೆ, ಹಲ್ಲಿಲ್ಲದವರಿಗೂ ಆಗುತ್ತದೆ ಎಂಬ ಹೆಸರಿತ್ತು. ಅದಕ್ಕೆ ಕಾರಣ ಮೇಸ್ತ್ರಿ ಹಿಟ್ಟನ್ನು ಬಡಿಯುವ ರೀತಿ ಎಂದು ಎಲ್ಲರೂ ಹೇಳುತ್ತಿದ್ದರು.

ಬೇರೆ ಬೇಕರಿಗಳಲ್ಲಿ ಹಿಟ್ಟನ್ನು ನಾದಿ ಬಿಡುತ್ತಾರೆ. ಇವರು ನಾದುವ ನಡುವೆ ನಡುವೆ ಇಡೀ ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ಹಲಗೆಯ ಮೇಲೆ ಧಡ್ ಎಂದು ಅಪ್ಪಳಿಸುತ್ತಿದ್ದರು. ಸದ್ದು ರಸ್ತೆಯವರೆಗೆ ಕೇಳುತ್ತಿತ್ತು. ಬಿಸ್ಕತ್ತಿನವನು ಒಮ್ಮೆ ರೇಗಿಸಿದ: "ಲೇ ಮೇಸ್ತ್ರಿ, ಇದು ಹಿಟ್ಟೋ, ಹೆಂಡ್ತಿ ಮ್ಯಾಲಿನ ಸಿಟ್ಟೋ?"

"ಹೆಂಡ್ತಿ ಮೊಳಕಾಲ್ಮುರಾಗೆ ಅವ್ಳೆ ಕಣಲೇ, ಅಲ್ಲೀಗಂಟ ಕೈ ಎಟುಕಲ್ಲ. ಎಟುಕಿದ್ರೆ ಅವ್ಳೇ ಬಡೀತಿದ್ಲು" ಎಂದರು ಇವರು, ಮತ್ತೆ ಎತ್ತಿ ಅಪ್ಪಳಿಸಿದರು.

ಎಲ್ಲವನ್ನೂ ಪರೀಕ್ಷೆ ಮಾಡಿ ನೋಡುವವನು ಎಂದೆನಲ್ಲ. ಸ್ಟೂಲಿನ ಮೇಲೆ ಕೂತು ಬೇಸರವಾದಾಗ ಆ ಸದ್ದುಗಳನ್ನು ಎಣಿಸಲು ತೊಡಗಿದೆ. ಒಂದು ಮುದ್ದೆಗೆ ಇಷ್ಟು ಸಲ ಬಡಿಯಬೇಕೆಂಬ ಲೆಕ್ಕ ಇದ್ದೀತು, ಬರೆದುಕೊಂಡರೆ ವರದಿಗೆ ಕಳೆ ಬರುತ್ತದೆ ಎಂದು ಆಸೆ. ಲೆಕ್ಕ ಸಿಗಲಿಲ್ಲ. ಒಂದು ದಿನ ಮೂರೇ ಸಲ. ಇನ್ನೊಂದು ದಿನ ಅಷ್ಟೇ ಹಿಟ್ಟಿಗೆ ಮೂವತ್ತೋ ಏನೋ. ಹೊಸ ಮೈದಾ ಮೂಟೆ ಬಿಚ್ಚಿ ಜರಡಿ ಹಿಡಿದ ದಿನ ಬಡಿತ ಹೆಚ್ಚು ಎಂಬುದು ಒಂದು ವಾರಕ್ಕೆ ಹೊಳೆಯಿತು. ಗೋಧಿಯ ಗುಣ ಇರಬಹುದೇ ಎಂದು ಯೋಚಿಸಿದೆ. ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಹೊಳೆಯುವುದು ಇಂಥದ್ದೇ.

ಕೊನೆಗೆ ಅವರನ್ನೇ ಕೇಳಿದೆ. ಇವತ್ತು ಯಾಕೆ ಇಷ್ಟೊಂದು ಸಲ ಎಂದು. ಆಗ ಅವರು ನನ್ನನ್ನು ನೋಡಿದ ನೋಟ ನೆನಪಿದೆ, ಕಣ್ಣು ನೆನಪಿಲ್ಲ. ಉತ್ತರ ಕೊಡಲು ಬಾಯಿ ತೆರೆದರು, ತಕ್ಷಣ ಮುದ್ದೆ ಎತ್ತಿ ಅಪ್ಪಳಿಸಿದರು. ಈ ಸಲ ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಸದ್ದಿನ ಒಳಗೆ ಇನ್ನೊಂದು ಸದ್ದು ಇತ್ತು. ಎದೆಯ ಆಳದಿಂದ ಕಿತ್ತು ಬಂದ ಕೆಮ್ಮು. ಧಡ್ ಎನ್ನುವುದೂ ಅದೂ ಕೂಡಿಕೊಂಡೇ ಬರುವಂತೆ ಅವರು ಪಳಗಿಸಿಕೊಂಡಿದ್ದರು. ಊರೆಲ್ಲ ಹೊಗಳುತ್ತಿದ್ದ ಕೈಚಳಕ ಅದು.

ಬೇಕರಿಯ ಹಿಂದೆ ಸೌದೆ ಒಟ್ಟುವ ಜಾಗಕ್ಕೆ ಅವರು ನನ್ನನ್ನು ಕರೆದುಕೊಂಡು ಹೋದರು. ಆಚೆ ಮಿಲ್ಲಿನಿಂದ ಕಡ್ಲೇಕಾಯಿ ಹಿಂಡಿಯ ವಾಸನೆ ಬರುತ್ತಿತ್ತು. ಅಂಗಿ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಮಡಚಿಟ್ಟ ಒಂದು ಚೀಟಿ ತೆಗೆದು ಕೊಟ್ಟರು. ಕಫದ ಪರೀಕ್ಷೆಯ ಚೀಟಿ. ಇಲ್ಲಿ ಮಾಡಿಸಿದರೆ ಯಾರಾದರೂ ನೋಡುತ್ತಾರೆಂದು ಚಿತ್ರದುರ್ಗಕ್ಕೆ ಹೋಗಿ ಮಾಡಿಸಿದ್ದರು. ಕ್ಷಯ ಇಲ್ಲ ಎಂದು ಅದರಲ್ಲಿತ್ತು. ಮೈದಾ ಧೂಳು, ಹೊಗೆ, ಅಷ್ಟೇ ಎಂದು ಡಾಕ್ಟರು ಹೇಳಿದ್ದರಂತೆ. ಹಾಗಾದರೆ ಇದನ್ನು ಮಾಲೀಕರಿಗೆ ತೋರಿಸಬಹುದಲ್ಲ, ಭಯ ಯಾಕೆ ಎಂದೆ.

"ತೋರಿಸಿದ್ರೆ ಕೆಮ್ಮು ಐತೆ ಅಂತ ನಾನೇ ಸಾರಿದಂಗಲ್ವಾ ಸಾರ್. ಬ್ರೆಡ್ ತಿನ್ನೋರು ಹುಷಾರಿಲ್ದೋರು. ಮಾಡೋನೂ ಹುಷಾರಿಲ್ದೋನು ಅಂದ್ರೆ ಯಾರು ತಗೋತಾರೆ?"

ಆಮೇಲೆ ಎರಡು ಮಾತು ಕೇಳಿಕೊಂಡರು. ಕೆಮ್ಮಿನ ವಿಷಯ ಬರೆಯಬೇಡಿ ಎಂಬುದು ಒಂದು. ಇನ್ನೊಂದು: "ಮೆಷಿನ್ ಬ್ಯಾಡ ಅಂತ ಬರೀರಿ. ನಾನು ಅಂದಿದ್ದು ಅಂತ್ಲೇ ಬರೀರಿ. ಸಾಹುಕಾರ್ರಿಗೆ ನಾನು ಹೇಳಕಾಗಲ್ಲ, ಯಾಕೆ ಅಂತ ಕೇಳ್ತಾರೆ."

ಮೊದಲ ಮಾತು ಅವರು ಆಡಿದ್ದರಲ್ಲಿ ನನಗೆ ಅನುಮಾನವಿಲ್ಲ. ಎರಡನೆಯದರ ಬಗ್ಗೆ ಎಷ್ಟೋ ವರ್ಷ ಅನುಮಾನ ಕಾಡಿದೆ. ಅವರು ನಿಜವಾಗಿ ಹಾಗೆಂದರೋ, ಆಮೇಲೆ ನಡೆದದ್ದು ನೋಡಿ ನಾನೇ ಅವರ ಬಾಯಲ್ಲಿ ಆ ಮಾತು ಹಾಕಿದೆನೋ. ನೆನಪು ಹಾಗೆ ಮಾಡುತ್ತದೆ ಎಂದು ನನಗೆ ಗೊತ್ತು. ಸೌದೆ ರಾಶಿಯ ಹತ್ತಿರ ಅವತ್ತು ಬಿಸಿಲಿತ್ತೆಂದು ಕೆಲವರಿಗೆ ಹೇಳಿದ್ದೇನೆ, ಮೋಡ ಇತ್ತೆಂದು ಕೆಲವರಿಗೆ.

ಮೆಷಿನ್ನಿನ ಮಾತು ಬಂದದ್ದು ಹೀಗೆ. ಸಮೀಕ್ಷೆಯಲ್ಲಿ ಆಯ್ಕೆಯಾದ ಬೇಕರಿಗಳಿಗೆ ಹಿಟ್ಟು ನಾದುವ ಯಂತ್ರ ಕೊಳ್ಳಲು ನೆರವು ಸಿಗುವುದಿತ್ತು. ಫಾರಂನ ಕೊನೆಯಲ್ಲಿ ಒಂದು ಕಾಲಂ ಇತ್ತು: ಯಂತ್ರದ ಬಗ್ಗೆ ಕೆಲಸಗಾರರ ಅಭಿಪ್ರಾಯ. ಅಲ್ಲಿ ಬೇಡವೆಂದು ಬರೆದರೆ ಆ ಬೇಕರಿ ಪಟ್ಟಿಯಿಂದ ಹೊರಗೆ. ನಾನು ಯೋಚಿಸಿದ್ದು ನೆನಪಿದೆ. ಹೊಸದಕ್ಕೆ ಕೆಲಸಗಾರರು ಮೊದಮೊದಲು ಹೆದರುತ್ತಾರೆ, ಇದು ಎಲ್ಲ ಕಡೆ ಇದ್ದದ್ದೇ. ಹಿಟ್ಟು ಬಡಿಯುವ ಶ್ರಮ ತಪ್ಪಿದರೆ ಎದೆಗೆ ಆರಾಮ. ಮಾಲೀಕರು ವ್ಯಾನನ್ನು ನೋಡುವ ಕಷ್ಟವೂ ತಪ್ಪೀತು. ಕೆಮ್ಮಿನ ವಿಷಯ ಬರೆಯಲಿಲ್ಲ. ಮಾತು ಉಳಿಸಿಕೊಂಡೆ ಎಂದು ಒಳಗೊಳಗೇ ಹೆಮ್ಮೆಯೂ ಪಟ್ಟೆ. ಆ ಕಾಲಂನಲ್ಲಿ ಏನು ಬರೆದೆ ಎಂಬುದನ್ನು ಮಾತ್ರ ಮರೆತೆ. ಮರೆಯುವುದು ಎಷ್ಟು ಸುಲಭವಾಗಿ ಆಯಿತು ಎಂಬುದೇ ಈಗ ನನ್ನ ಚಿಂತೆ.

ಯಂತ್ರ ಬಂದದ್ದು ಅದೇ ವರ್ಷ. ಮಾಲೀಕರು ಲೋಬಾನದ ಹೊಗೆ ಹಾಕಿದರು, ಮೇಸ್ತ್ರಿಯ ಕೈಯಲ್ಲಿ ಕಾಯಿ ಒಡೆಸಿದರು. ನನ್ನನ್ನೂ ಕರೆದಿದ್ದರು, ಮೊದಲ ಬನ್ನು ನನಗೇ ಕೊಟ್ಟರು. ಒಳಗಿನ ಸಂದಿಯಲ್ಲಿ ಅದಕ್ಕೆ ಜಾಗ ಸಾಲದು, ಕರೆಂಟಿನ ತಂತಿಯೂ ಮುಂದೆಯೇ ಇತ್ತು. ಹಾಗಾಗಿ ಗಲ್ಲಾದ ಪಕ್ಕದಲ್ಲಿ, ಗಿರಾಕಿಗಳಿಗೆ ಕಾಣುವ ಹಾಗೆ ಕೂರಿಸಿದರು. ಕೈ ತಾಕದ ಬ್ರೆಡ್ಡು ಎಂದು ಜನ ನೋಡಲಿ ಎಂಬುದು ಮಾಲೀಕರ ಆಸೆ. ತಪ್ಪೇನೂ ಇರಲಿಲ್ಲ. ಗುಂಯ್ ಎಂಬ ಸಣ್ಣ ಸದ್ದಿನಲ್ಲಿ ಅದು ತಿರುಗುತ್ತಿತ್ತು.

ಅಷ್ಟು ವರ್ಷ ಗೋಡೆಯ ಹಿಂದೆ ಇದ್ದ ಮನುಷ್ಯ ಈಗ ಮುಂದೆ ನಿಂತು ಯಂತ್ರದ ಬಾಯಿಗೆ ಮೈದಾ ಸುರಿಯಬೇಕಾಯಿತು. ಸುರಿದಾಗ ಬಿಳಿ ಧೂಳು ಮುಖದವರೆಗೆ ಏಳುತ್ತಿತ್ತು. ಬಡಿಯಲು ಹಲಗೆ ಇಲ್ಲ. ಮೊದಲ ಕೆಲವು ದಿನ ಅವರು ಏನೇನೋ ಮಾಡಿದರು. ಖಾಲಿ ಡಬ್ಬ ಬೀಳಿಸಿದರು. ಗಂಟಲು ಸರಿಮಾಡಿಕೊಂಡವರಂತೆ ನಟಿಸಿದರು. ತಡೆಯಲಾಗದಾಗ ಸೌದೆ ತರುವ ನೆಪದಲ್ಲಿ ಹಿಂದಕ್ಕೆ ಓಡುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಅವರಿಗಿಂತ ಮೊದಲೇ ಅವರ ಕೆಮ್ಮಿಗೆ ಕಾಯುತ್ತಿದ್ದೆ. ಸಮೀಕ್ಷೆ ಮುಗಿದಿತ್ತು. ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಆದರೂ ಹೋಗುತ್ತಿದ್ದೆ.

ಒಂದು ಸಂಜೆ ಉಳ್ಳಾರ್ತಿ ಕಡೆಯ ಹಳ್ಳಿಯ ಒಬ್ಬ ಹೆಂಗಸು ಬಂದಳು. ಅವ್ವನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದೇನೆ, ಮೆತ್ತಗಿರೋ ಬ್ರೆಡ್ ಕೊಡಿ ಎಂದಳು. ಮಾಲೀಕರು ಕಾಗದ ಸುತ್ತಿ ಕೊಟ್ಟರು. ಆಕೆ ಸೆರಗಿನ ಗಂಟು ಬಿಚ್ಚುವಾಗ ಕೆಮ್ಮು ಬಂತು. ಒಂದಲ್ಲ, ಸಾಲಾಗಿ. ಮೇಸ್ತ್ರಿ ಯಂತ್ರದ ಅಂಚು ಹಿಡಿದು ಬಗ್ಗಿದ್ದರು. ಹೆಂಗಸು ಅವರನ್ನು ನೋಡಿದಳು, ತಿರುಗುತ್ತಿದ್ದ ಹಿಟ್ಟನ್ನು ನೋಡಿದಳು. ಬೈಯಲಿಲ್ಲ. ಪೊಟ್ಟಣವನ್ನು ಮೆಲ್ಲಗೆ ಗಲ್ಲಾದ ಮೇಲೆ ವಾಪಸಿಟ್ಟು, "ಇರ್ಲಿ ಬಿಡ್ರಿ ಸಾಬ್ರೆ, ಆಮ್ಯಾಲೆ ಬರ್ತೀನಿ" ಎಂದು ಹೋದಳು. ಎದುರು ಅಂಗಡಿಯಲ್ಲಿ ದಾವಣಗೆರೆಯ ಪ್ಯಾಕೆಟ್ ಬ್ರೆಡ್ ತೆಗೆದುಕೊಂಡದ್ದು ನಮ್ಮೆಲ್ಲರಿಗೂ ಕಾಣಿಸಿತು.

ಮಾಲೀಕರು ಪೊಟ್ಟಣವನ್ನು ಎತ್ತಿ ಒಳಗಿಟ್ಟರು. ಯಂತ್ರ ಆರಿಸಿದರು. ಆಮೇಲೆ, "ಮೇಸ್ತ್ರಿ, ಸ್ವಲ್ಪ ದಿನ ಊರಿಗೆ ಹೋಗಿ ಬಾಪ್ಪಾ. ಹವಾ ಬದಲಾಗ್ಲಿ" ಎಂದರು. ಮೇಸ್ತ್ರಿಯ ಕೈ ಅಂಗಿ ಜೇಬಿಗೆ ಹೋಯಿತು. ಆ ಚೀಟಿ ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. ಜೇಬಿನ ಮೇಲೆ ಕೈ ಇಟ್ಟುಕೊಂಡೇ ಮೆಟ್ಟಿಲು ಇಳಿದರು. ಇಳಿಯುವಾಗ ನನ್ನ ಕಡೆ ನೋಡಿದರೋ ಇಲ್ಲವೋ ಎಂಬುದನ್ನು ಎಷ್ಟು ಸಲ ನೆನಪಿಸಿಕೊಂಡರೂ ಒಂದೊಂದು ಸಲ ಒಂದೊಂದು ರೀತಿ ಕಾಣುತ್ತದೆ.

ಮೂರನೆಯ ದಿನ ಭಟ್ಟಿಗೆ ಹೊಸಬ ಬಂದಿದ್ದ. ಅವನು ಕೈ ಚಾಚಿ ನೋಡುತ್ತಿರಲಿಲ್ಲ. ನೀರು ಚಿಮುಕಿಸಿ ನೋಡುತ್ತಿದ್ದ.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ. ನನಗೆ ಕೆಲಸ ಸಿಕ್ಕಿ ಕೆಲವು ವರ್ಷವಾಗಿತ್ತು. ಜಟಿಂಗ ರಾಮೇಶ್ವರ ಬೆಟ್ಟದ ಅಶೋಕನ ಶಾಸನ ತೋರಿಸಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟಿದ್ದೆವು. ಮೊಳಕಾಲ್ಮುರಿನ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಮುಖ ಆ ಕಡೆ ಇತ್ತು. ಬಲಗೈ ಮೊಣಕಾಲ ಮೇಲಿತ್ತು. ನುಣ್ಣಗೆ, ಬಿಸಿಲಿಗೆ ಹೊಳೆಯುತ್ತಿತ್ತು. ಇಳಿದು ಮಾತಾಡಿಸಬಹುದಿತ್ತು, ಬಸ್ಸು ಹತ್ತು ನಿಮಿಷ ನಿಂತಿತ್ತು. ನಾನು ಹಾಜರಿ ಪುಸ್ತಕ ತೆಗೆದು ಹುಡುಗರ ಹೆಸರು ಕೂಗಲು ಶುರುಮಾಡಿದೆ. ಒಮ್ಮೆ ಕೂಗಿ ಮುಗಿದ ಮೇಲೆ ಮತ್ತೊಮ್ಮೆ ಕೂಗಿದೆ.

ತರಬೇತಿಯಿಂದ ಬಂದ ದಿನವೇ ಟ್ರಂಕಿನಿಂದ ಫಾರಂಗಳ ಕಾರ್ಬನ್ ಪ್ರತಿ ತೆಗೆದೆ. ನೀಲಿ ಅಕ್ಷರ ಮಾಸಿದ್ದವು. ಬರೆದುಕೊಂಡಿದ್ದೆನೆಂದೇ ನಂಬಿದ್ದ ಭಟ್ಟಿ ಬಾಯಿ, ಗೋಡೆ, ಅದೆಲ್ಲ ಯಾವುದೂ ಇರಲಿಲ್ಲ. ಅವಕಾಶಗಳು: ಸೀಮಿತ. ರಜೆ: ಹಬ್ಬಗಳಂದು. ಆರೋಗ್ಯ: ಸಾಮಾನ್ಯ. ಕೊನೆಯ ಕಾಲಂನಲ್ಲಿ, ನನ್ನದೇ ಅಕ್ಷರದಲ್ಲಿ, "ಆಕ್ಷೇಪಣೆ ಇಲ್ಲ."

ಓದಿ ನಿರಾಳವೆನಿಸಿತು ಎಂದು ಒಪ್ಪಿಕೊಳ್ಳಬೇಕು. ಬರೆದದ್ದೇ ಸಾಕ್ಷಿ, ಅವರು ಬೇಡವೆಂದು ಹೇಳಿಯೇ ಇಲ್ಲ, ಆ ಮಾತು ನಾನು ಆಮೇಲೆ ಕಲ್ಪಿಸಿಕೊಂಡದ್ದು. ಮಲಗುವವರೆಗೆ ಹಾಗೇ ಇದ್ದೆ. ಆಮೇಲೆ ಮಗಳು ಊಟದ ಸಾಲಿನಲ್ಲಿ ಹೇಳಿದ್ದು ನೆನಪಾಯಿತು. ನನ್ನ ಮಾತು ಬರ್ಕೊಂಡಾರೆ ಅಂತ ಅನ್ನೋರು. ಯಾವ ಮಾತು?

ಭಾನುವಾರ ಮೊಳಕಾಲ್ಮುರಿಗೆ ಹೋದೆ. ಓಣಿಯ ಉದ್ದಕ್ಕೂ ಮಗ್ಗದ ಸದ್ದು. ಮೇಸ್ತ್ರಿ ಮಗಳ ಮನೆಯ ಗೋಡೆಗೆ ಅಂಟಿಕೊಂಡೇ ಅವರ ದೊಡ್ಡಪ್ಪನ ಮಗ್ಗದ ಮನೆ. ಕೂರಿಸಿ ಚಹಾ ಕೊಟ್ಟರು. ಊರಿಗೆ ಬಂದ ಮೇಲೆ ಅಪ್ಪ ಕಂಡಿಕೆ ಸುತ್ತುತ್ತಿದ್ದರಂತೆ. ತಾನು ಬೇಡವೆಂದು ಓಡಿಹೋಗಿದ್ದ ಮಗ್ಗದ ಗುಂಡಿಯ ಪಕ್ಕದಲ್ಲೇ, ಇಡೀ ದಿನ. ಅಂಗಳದಲ್ಲಿ ಗಾಳಿಗೆ ಕೂತುಕೋ ಎಂದರೂ ಏಳುತ್ತಿರಲಿಲ್ಲವಂತೆ. "ನನ್ನ ನೋಡಾಕೆ ಗಂಡಿನ ಕಡೇರು ಬಂದಾಗ ದೊಡ್ಡಪ್ಪಂಗೆ ಹೇಳಿ ಎರಡು ಮಗ್ಗನೂ ಒಟ್ಟಿಗೇ ಆಡ್ಸಿದ್ರು ಸಾರ್. ಕೆಮ್ಮು ಕೇಳ್ಬಾರ್ದು ಅಂತ." ಅವರ ಟಿಸಿಎಚ್ ಒಂದು ವರ್ಷ ನಿಂತು, ಆಮೇಲೆ ಸೋದರಮಾವನ ನೆರವಿನಿಂದ ಮುಗಿದದ್ದನ್ನೂ ಹೇಳಿದರು. ಅದಕ್ಕೆ ಯಾರನ್ನೂ ದೂರಲಿಲ್ಲ.

ಬೇಕರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ ಎಂದು ಕೇಳಿದೆ. ನನಗೆ ಅದೊಂದು ಬೇಕಿತ್ತು, ಗುಟ್ಟು ನನ್ನಿಂದ ಹೊರಬೀಳಲಿಲ್ಲ ಎಂಬ ಮಾತು.

"ಎಲ್ರಿಗೂ ಗೊತ್ತಿತ್ತು ಸಾರ್. ಸಾಹುಕಾರ್ರಿಗೆ ಎಲ್ರಿಗಿಂತ ಮೊದ್ಲೇ ಗೊತ್ತಿತ್ತು, ಮಣ್ಣಿಗೆ ಬಂದಾಗ ಅವ್ರೇ ಹೇಳಿ ಅತ್ರು. ಸದ್ದು ಇರೋಗಂಟ ಗೊತ್ತಿಲ್ದಂಗೆ ಇರ್ಬೋದಿತ್ತು. ಆಮ್ಯಾಲೆ ಅವ್ರಿಗೂ ದಾರಿ ಇರ್ಲಿಲ್ಲ."

ಚಹಾ ಆರಿಹೋಗಿತ್ತು. ಕಾಗದ ತಂದಿರಾ ಎಂದು ಅವರು ಕೇಳಿದರು. ಸಿಗಲಿಲ್ಲ ಎಂದು ಹೇಳುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದೆ. ಅದು ಚೀಲದಲ್ಲಿತ್ತು. ತೆಗೆದುಕೊಟ್ಟೆ.

ಅವರು ಮೊದಲಿನಿಂದ ಓದಿದರು. ಅಪ್ಪನ ಹೆಸರಿನ ಮೇಲೆ ಬೆರಳು ನಿಂತಿತು. ಆಮೇಲೆ ಒಂದೊಂದೇ ಸಾಲು, ಮಕ್ಕಳ ಉತ್ತರ ಪತ್ರಿಕೆ ನೋಡುವ ಹಾಗೆ. ಕೊನೆಯ ಕಾಲಂ ಎರಡು ಸಲ ಓದಿದರು.

"ಇದು ಅಪ್ಪ ಹೇಳಿದ್ದಲ್ಲ."

"ಅಲ್ಲ" ಎಂದೆ.

ಅವರು ಸಿಟ್ಟು ಮಾಡಿಕೊಳ್ಳುತ್ತಾರೆಂದು ಕಾದೆ. ಎದ್ದು ಒಳಗೆ ಹೋದರು. ಶಾಲೆಯ ಕೆಂಪು ಪೆನ್ನು ಹಿಡಿದುಕೊಂಡು ಬಂದರು. ನನ್ನ ಎರಡು ಪದದ ಮೇಲೆ ಒಂದು ಗೆರೆ ಎಳೆದರು. ಅದರ ಪಕ್ಕದ ಖಾಲಿ ಜಾಗದಲ್ಲಿ ದುಂಡಾದ ಅಕ್ಷರಗಳಲ್ಲಿ ನಿಧಾನವಾಗಿ ಬರೆದು, ಕಾಗದ ನನ್ನ ಕಡೆ ತಿರುಗಿಸಿದರು. ಮೆಷಿನ್ ಬ್ಯಾಡ.

"ಇದೇ ಅಲ್ವಾ ಸಾರ್ ಅಪ್ಪ ಅಂದಿದ್ದು? ನಿಮ್ ಮುಂದೆ ಅಂದಿದ್ದು?"

ಬಿಸಿಲಿತ್ತೋ ಮೋಡವಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೀಸೆಯ ವಿಷಯವೂ ಅಷ್ಟೆ. ಅವರ ಮನೆಯ ಗೋಡೆಯ ಫೋಟೋ ಕಡೆ ನೋಡುವ ಧೈರ್ಯವಾಗಲಿಲ್ಲ. ಹೌದು, ಇದೇ ಅಂದಿದ್ದು ಎಂದೆ. ಪಕ್ಕದ ಮನೆಯ ಮಗ್ಗ ಅಷ್ಟು ಹೊತ್ತಿಗೆ ನಿಂತಿದ್ದರಿಂದ ನಾನು ಹೇಳಿದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.